ಬಾಣ ಯಾರದು

ನಾನು ದುಭಾಷಿ. ದಿನಕ್ಕಿಷ್ಟು ಎಂದು ಕೊಡುತ್ತಾರೆ, ಊಟ ಬೇರೆ.
ಒಂಟೆಮುಳ್ಳಿನ ಮರದ ನೆರಳು ಸರಿದಂತೆಲ್ಲ
ಪ್ಲಾಸ್ಟಿಕ್ ಕುರ್ಚಿಗಳನ್ನು ಮರಳಲ್ಲಿ ಎಳೆಯುತ್ತ
ಬೆಳಗಿನಿಂದ ಮೂರು ಸಲ ಸಭೆ ಜಾಗ ಬದಲಿಸಿದೆ.

ಮೊದಲ ತೊಡಕು ಹೆಸರಿನದು.
ವಕೀಲ ರಾಡೆಮೇಯರ್ ‘ಉಚೆ’ ಎಂದು ಬರೆದುಕೊಂಡ.
ಬರಿ ಉಚೆ ಅಲ್ಲ. ಅದರ ಮುಂದೆ,
ನಿಂತ ಕುದುರೆಯನ್ನು ಹೊರಡಿಸಲು ಕೆನ್ನೆಯೊಳಗೆ
ನೀವು ಹೊಡೆಯುತ್ತೀರಲ್ಲ, ಆ ಸದ್ದಿದೆ. ಅದೂ ಅಕ್ಷರವೇ.
ಅದಿಲ್ಲದೆ ಕರೆದರೆ ಅಜ್ಜಿ ತಿರುಗಿ ನೋಡುವುದಿಲ್ಲ.
ಅಯ್ಯೋ ಪಾಪ ಎಂದು ನೀವು ಲೊಚಗುಟ್ಟುವ ಸದ್ದು
ನಮ್ಮ ಕುಲದ ಹೆಸರಿನ ನಟ್ಟನಡುವೆ ಇದೆ.
ನಮ್ಮಲ್ಲಿ ಅದಕ್ಕೆ ಕನಿಕರದ ಅರ್ಥವಿಲ್ಲ.
ಗಿಡದ ಹೆಸರಲ್ಲೂ ಅಂಥದೊಂದು ಇತ್ತು;
ಕಾಗದದಲ್ಲಿ ಈಗ ಗಿಡಕ್ಕೊಂದು ನಂಬರು.

ಗಿಡವೆಂದರೆ ಮೊಣಕಾಲೆತ್ತರ, ಮೈಯೆಲ್ಲ ಮುಳ್ಳು,
ಹೂ ಬಿಟ್ಟರೆ ಕೊಳೆತ ಮಾಂಸದ ನಾತ, ನೊಣಗಳಿಗೆ ಹಬ್ಬ.
ಜಾಡು ಹಿಡಿದು ಹೋದವರು ಮುಳ್ಳು ಹೆರೆದು
ಅಂಗೈಯಗಲ ತಿಂದರೆ
ಹಸಿವು ಎರಡು ದಿನ ಇತ್ತ ತಲೆ ಹಾಕುವುದಿಲ್ಲ.
ಹೊಟ್ಟೆ ತುಂಬಿದ ದೇಶಗಳಲ್ಲಿ ಅದೀಗ ಮಾತ್ರೆ:
ಊಟಕ್ಕೆ ಮುಂಚೆ ಎರಡು, ಊಟ ಬೇಡವಾಗಲೆಂದು.
ಇದನ್ನು ಹೇಳಿದಾಗ ಕ್ಷಾವೊ ಮಾಮ
ಮತ್ತೊಮ್ಮೆ ಹೇಳು ಅಂದ.
ಮತ್ತೊಮ್ಮೆ ಹೇಳಿದೆ.
ಹುಡುಗನಿಗೆ ಆ ಭಾಷೆ ಸರಿಯಾಗಿ ಬರುವುದಿಲ್ಲ ಎಂದು
ಪಕ್ಕದವನ ಕಿವಿಯಲ್ಲಿ ಅಂದ.

ಆಮೇಲೆ ಪಾಲಿನ ಮಾತು.
ನೂರಕ್ಕೆ ಒಂದೂವರೆ. ಅದೂ ಖರ್ಚು ಕಳೆದು.
ಅದೂ ಲಾಭ ಬಂದರೆ.
“ಪ್ರಾಣಿ ಎಷ್ಟು ದೊಡ್ಡದು, ಕೇಳು,” ಎಂದಳು ಅಜ್ಜಿ.
ವ್ಯಾಪಾರ ಎಷ್ಟಾಯಿತು ಎಂದು ಕೇಳಿದೆ.
ರಾಡೆಮೇಯರ್ ಕೈಚೆಲ್ಲಿದ:
“ಹೇಳಿಕೊಳ್ಳುವಂಥದ್ದೇನೂ ಇಲ್ಲ. ತೀರಾ ಸಣ್ಣದು.”

ಅಜ್ಜಿ ನಗತೊಡಗಿದಳು. ಸುತ್ತ ಕೂತವರೂ.
ಎಲಾ, ಬೇಟೆಯ ಮರ್ಯಾದೆ ಬಲ್ಲವನು ಇವನು!
ನಮ್ಮಲ್ಲಿ ಎಲಾಂಡ್ ಕೆಡವಿ ಬಂದವನು
ಬೆಂಕಿಯ ಬಳಿ ಸುಮ್ಮನೆ ಕೂತಿರುತ್ತಾನೆ.
ಕೆದಕಿದರೆ, ‘ಏನೋ ಒಂದು ಸಣ್ಣದು, ಬರಿ ಮೂಳೆ’ ಅನ್ನುತ್ತಾನೆ.
ಆಗ ನಮಗೆ ತಿಳಿಯುತ್ತದೆ
ನಾಳೆ ಹೊರಲು ಹತ್ತು ಜನ ಬೇಕೆಂದು.

ಏಕೆ ನಗು ಎಂದು ವಕೀಲ ಕೇಳಿದ.
ಅವರಿಗೆ ಸಂತೋಷವಾಗಿದೆ, ಎಂದುಬಿಟ್ಟೆ.
ಆ ದಿನ ನಾನು ಹೇಳಿದ ಸುಳ್ಳು ಅದೊಂದೇ.

ನಗು ನಿಂತ ಮೇಲೆ ಅಜ್ಜಿ ಕೇಳಿದಳು:
ಬಾಣ ಯಾರದು?

ಗುರಿ ಯಾರದು, ಓಡಿ ದಣಿದವರು ಯಾರು,
ಅದು ಹಂಚುವಾಗ ಲೆಕ್ಕಕ್ಕಿಲ್ಲ.
ಬಾಣ ಯಾರದೋ ಬೇಟೆ ಅವರದು, ಹಂಚುವ ಕೈ ಅವರದು.
ಒಂದು ಬಾಣ ಎರವಲು ಕೊಟ್ಟು
ಗುಡಿಸಲ ಮುಂದೆ ಕೂತ ಮುದುಕಿಯದೂ ಆಗಬಹುದು.

“ಗಿಡ ನಮ್ಮ ಬಾಣ.
ನೀವು ದೂರ ಒಯ್ದು ಹೊಡೆದಿರಿ, ಒಳ್ಳೆಯದೇ,
ಕೈಚಳಕ ನಿಮ್ಮದು, ಅಲ್ಲ ಅನ್ನುವುದಿಲ್ಲ.
ನಮ್ಮ ಬೇಟೆಯಲ್ಲಿ ನಮಗೇ ಪಾಲು ಕೊಡಲು
ಇವನನ್ನು ಕಳಿಸಿದವರು ಯಾರು?
ಇಡೀ ಪ್ರಾಣಿ ತಂದು ಇಲ್ಲಿ ಇಳಿಸಲಿ.
ನಾನು ಹಂಚುತ್ತೇನೆ.
ಗಡಿಬೇಲಿಯ ಆಚೆಯ ನೆಂಟರಿಗೂ ಈ ಗಿಡ ಗೊತ್ತು, ಅವರಿಗೊಂದು ತೊಡೆ.
ಹೊಡೆದವನು ಹೆದರಬೇಕಿಲ್ಲ ಎನ್ನು.
ಬರಿಗೈಯಲ್ಲಿ ಯಾರನ್ನೂ ಕಳಿಸಿದವಳಲ್ಲ ನಾನು.”

ಇದನ್ನು ಒಂದು ಪದವೂ ಬಿಡದೆ ಹೇಳಿದೆ.
ರಾಡೆಮೇಯರ್ ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದ.
ಇದಕ್ಕೆ ಕರಾರಿನಲ್ಲಿ ಕಲಮು ಇಲ್ಲ, ಅಂದ.
ಮತ್ತೆ ಕಾಗದ ಮಗುಚಿ, ಖಾಲಿ ಬದಿಯಲ್ಲಿ,
“ಹೆಸರು ಇನ್ನೊಮ್ಮೆ ಹೇಳಲಿ.”

ಅಜ್ಜಿ ಹೇಳಿದಳು.
ಅವನು ಕೆನ್ನೆಗೆ ನಾಲಿಗೆ ಒತ್ತಿ ತಿಣುಕಿದ.
ಸದ್ದೇನೋ ಬಂತು, ಹೆಸರು ಮುಗಿದ ಮೇಲೆ.
ಬೇಲಿಗೆ ಕಟ್ಟಿದ್ದ ಯಾರದೋ ಕುದುರೆ
ಕಿವಿ ನಿಮಿರಿಸಿ
ಎರಡು ಹೆಜ್ಜೆ ಮುಂದಿಟ್ಟಿತು.