ಮೂರು ಅಡ್ಡಗೆರೆ

ಕುಂಸಿಯ ಆಚೆಗಿನ ಡೈರಿಗೆ ನಾನು ಹೋದದ್ದು
ಬೆಳಗಿನ ಐದೂವರೆಗೆ. ಬೆಸುಗೆ ಕಡ್ಡಿ, ಮೀಟರು,
ಒಂಬತ್ತು ಪಿನ್ನಿನ ಎರಡು ಕನೆಕ್ಟರು ಚೀಲದಲ್ಲಿ.
ಸೆಕ್ರೆಟರಿ ಈರೇಶಪ್ಪ ಮಫ್ಲರಿನೊಳಗಿಂದಲೇ ಹೇಳಿದರು:
"ಮೆಷಿನ್ನಿಗೇನೂ ಆಗಿಲ್ಲ ಮೇಡಂ.
ಒಂದಿನವೂ ಎರರ್ ಅಂತ ತೋರಿಸಿಲ್ಲ ಅದು."

ನನಗೆ ಹೆದರಿಕೆಯಾದದ್ದೇ ಆ ಮಾತಿಗೆ.

ದೂರು ತಂದವಳು ಏಳನೇ ಕ್ಲಾಸಿನ ಶೈಲು,
ತಾಂಡಾದ ಸೇವ್ಲಿಬಾಯಿಯ ಮೊಮ್ಮಗಳು.
ಅಜ್ಜಿಯ ಚೀಟಿ, ಅಜ್ಜಿಯ ಮುಂದೆ ನಿಂತವರ ಚೀಟಿ
ಅಕ್ಕಪಕ್ಕ ಇಟ್ಟಳು:
ಫ್ಯಾಟು ಮೂರು ಪಾಯಿಂಟು ನಾಲ್ಕು. ಇಲ್ಲೂ ಅದೇ.
ಡಿಗ್ರಿ ಇಪ್ಪತ್ತೆಂಟು ಪಾಯಿಂಟು ಒಂದು. ಇಲ್ಲೂ ಅದೇ.
"ಅವರದು ಹಸು, ನಮ್ಮದು ಎಮ್ಮೆ.
ದಶಮಾಂಶದ ತನಕ ಹೇಗೆ ಒಂದೇ ಆಗುತ್ತೆ ಮಿಸ್?"

ಮೇಜಿನ ಕೆಳಗೆ ತೂರಿ ಕೂತೆ.
ಯಂತ್ರದಿಂದ ಕಂಪ್ಯೂಟರಿಗೆ ಇರುವುದು
ಗದ್ದೆ ಬದುವಿನಂಥ ದಾರಿ, ಇಬ್ಬರು ಜೊತೆಗೆ ನಡೆಯಲಾಗದು.
ಒಂದು ಬಿಟ್ಟಿನ ಹಿಂದೆ ಇನ್ನೊಂದು:
ಬಂದೆ ಅನ್ನುವುದೊಂದು, ನಡುವೆ ಎಂಟು,
ಮುಗೀತು ಅನ್ನುವುದೊಂದು,
ಸೆಕೆಂಡಿಗೆ ಒಂಬತ್ತು ಸಾವಿರದ ಆರುನೂರು.
ವೇಗ ಎರಡೂ ಕಡೆ ಒಂದೇ. ಅಂಕೆಗಳೂ ಸರಿ,
ನಲವತ್ತನೇ ಕ್ಯಾನಿನ ತನಕ.

ಆಮೇಲೆ ಕೂಲರಿನ ಕಂಪ್ರೆಸರು ಗುಡುಗಿತು.
ತಂತಿ ಅದರ ಮೋಟಾರನ್ನು ತಬ್ಬಿಕೊಂಡೇ ಹೋಗಿತ್ತು.
ಪರದೆಗೆ ಬಂದದ್ದು ಹಾಲಿನ ಲೆಕ್ಕವಲ್ಲ;
ಚೌಕ, ಪ್ರಶ್ನೆಚಿಹ್ನೆ, ಅರ್ಧ ನುಂಗಿದ ಸೊನ್ನೆ,
ಮತ್ತೆ ಏನೂ ಇಲ್ಲ.
ಆದರೂ ಪ್ರಿಂಟರು ಚೀಟಿ ಕೊಟ್ಟಿತು, ಅಕ್ಷರ ದುಂಡಗೆ:
ಹಿಂದಿನ ಕ್ಯಾನಿನ ಅಂಕೆ.

ತಾಂಡಾ ಮೂರು ಕಿಲೋಮೀಟರು.
ನಡೆದು ಬರುವವರು ಸಾಲಿನಲ್ಲಿ ಯಾವಾಗಲೂ
ನಲವತ್ತರ ಆಚೆಗೇ.

ಪ್ರೋಗ್ರಾಂ ತೆರೆದೆ. ಇನ್ನೂರ ಹದಿನಾರನೇ ಸಾಲು:
ತಪ್ಪು ಬಂದರೆ ಬಿಡು, ಮುಂದಕ್ಕೆ ಹೋಗು.
ಪಕ್ಕದಲ್ಲಿ ಟಿಪ್ಪಣಿ, ನಾಲ್ಕು ವರ್ಷ ಹಳೆಯದು:
ಸದ್ಯಕ್ಕೆ ಹೀಗೆ. ಆಮೇಲೆ ಸರಿಮಾಡುವುದು.
ಕೆಳಗೆ ಎರಡಕ್ಷರದ ಸಹಿ.
ನನ್ನದೇ.

ಯಾಕೆ ಹಾಗೆ ಬರೆದೆನೆಂದು ನೆನಪಿದೆ.
ಆಯನೂರಿನ ಕೊನೆಯ ಬಸ್ಸು, ಪದೇಪದೇ ಸ್ತಬ್ಧವಾಗುವ ಪರದೆ,
"ಹೇಗಾದರೂ ಓಡಲಿ" ಅಂದ ಫೋನು.
ಮೌನಂ ಸಮ್ಮತಿ ಲಕ್ಷಣಂ: ಮದುವೆ ಮಾತುಕತೆಯ ಆ ಗಾದೆಯನ್ನು
ಯಂತ್ರಕ್ಕೂ ಕಲಿಸಿ ಕೈತೊಳೆದಿದ್ದೆ.
ಮೌನ ಸಮ್ಮತಿಯಲ್ಲ. ಸೊನ್ನೆಯೂ ಅಲ್ಲ.
ಹಿಂದಿನವರ ಉತ್ತರವಂತೂ ಅಲ್ಲವೇ ಅಲ್ಲ.

ತಂತಿಯನ್ನು ಆಚೆ ಗೋಡೆಗೆ ಎಳೆದೆ,
ಅದರ ಜಾಲರಿಯನ್ನು ಒಂದೇ ತುದಿಯಲ್ಲಿ ಅರ್ಥಿಂಗಿಗೆ ಕಟ್ಟಿದೆ.
ಆ ಸಾಲು ಅಳಿಸಿ ಬರೆದೆ:
ಕೇಳುವ ಮುನ್ನ ಹಳೆಯದನ್ನು ಚೆಲ್ಲು, ಪಾತ್ರೆ ತೊಳೆ.
ಕೇಳು. ಎರಡು ಸೆಕೆಂಡು ಕಾಯಿ.
ಬಂದದ್ದನ್ನು ಕೂಡಿಸಿ ನೋಡು; ಬಾಲದಲ್ಲಿ ಬಂದ ಮೊತ್ತಕ್ಕೆ
ತಾಳೆಯಾಗದಿದ್ದರೆ ನಂಬಬೇಡ, ಮತ್ತೆ ಕೇಳು.
ಮೂರು ಸಲ. ಆಗಲೂ ಇಲ್ಲವೆಂದರೆ
ಮೂರು ಅಡ್ಡಗೆರೆ ಎಳೆ. ನಿಲ್ಲು.

"ನಿಂತರೆ ಹೇಗೆ ಮೇಡಂ? ಏಳಕ್ಕೆ ಟ್ಯಾಂಕರು.
ಜನ ಬೈತಾರೆ."
ಬೈಯಲಿ, ಅಂದೆ.
ಬೈಯೋದಕ್ಕಾದರೂ ಗೊತ್ತಾಗಬೇಕಲ್ಲ.

ಪರೀಕ್ಷೆಗೆಂದು ತಂತಿ ಕಿತ್ತು ಕೈಯಲ್ಲಿ ಹಿಡಿದೆ.
ಸೇವ್ಲಿಬಾಯಿಯ ಕ್ಯಾನು. ಒಂದು ಸಲ. ಎರಡು. ಮೂರು.
ಹೊರಬಂದ ಚೀಟಿಯನ್ನು ತಿರುವಿ ಮುರುವಿ ನೋಡಿದಳು.
"ಏನಂತಿದೆ?"
"ನಂಗೊತ್ತಿಲ್ಲ ಅಂತಿದೆ, ಅಜ್ಜಿ."
"ಅಬ್ಬ," ಎಂದಳು, "ಬಾಯಿ ಬಂತಲ್ಲ ಇದಕ್ಕೆ."

ತಂತಿ ಸಿಕ್ಕಿಸಿದೆ. ಕಂಪ್ರೆಸರು ಗುಡುಗುತ್ತಲೇ ಇತ್ತು.
ಏಳು ಪಾಯಿಂಟು ಒಂದು.

ನಾಲ್ಕು ವರ್ಷದ ಹಳೆಯ ಲೆಕ್ಕದಲ್ಲಿ
ಯಾವ ಅಂಕೆ ಯಾರ ಹಾಲಿನದು, ಯಂತ್ರಕ್ಕೂ ತಿಳಿಯದು.
ಸರ್ವಿಸ್ ವರದಿಯಲ್ಲಿ "ಆದ ನಷ್ಟ" ಎಂಬಲ್ಲಿ
ಪೆನ್ನು ನಿಂತಿತು. ಸೊನ್ನೆ ಬರೆಯುವುದು ರೂಢಿ.
ಶೈಲು ಹೆಗಲ ಮೇಲಿಂದ ನೋಡುತ್ತಿದ್ದಳು.
ಮೂರು ಅಡ್ಡಗೆರೆ ಎಳೆದೆ,
ಈ ಸಲ ಪೂರ್ತಿ ಹೆಸರು ಬರೆದೆ.