ಚಿಲ್ಲರೆ ಬಾಕಿ

ಮಡಿಕೇರಿಯ ಮಂಜಿಗೆ ಬಾಡಿಗೆ ಇಲ್ಲ.
ಏಳೂವರೆಗೆ ಅದು ಮಹದೇವಪೇಟೆ ಹತ್ತಿ ಬಂದು
ನಮ್ಮ ಅಡುಗೆಮನೆ ಕಿಟಕಿಗೆ ಒತ್ತಿ ನಿಂತರೆ
ದಮಯಂತಿ ಒಲೆ ಆರಿಸುತ್ತಾಳೆ:
"ಬೆಳಕು ಬಂತು, ಬನ್ನಿ."
ಬೆಳಕೆಂದರೆ ಅವಳಿಗೀಗ ಬಿಸಿಲಲ್ಲ.
ನೆರಳಿನ ಅಂಚು ಮೆತ್ತಗಾಗಬೇಕು,
ಬಸಿದಿಟ್ಟ ಗಂಜಿಯ ಹಾಗೆ.

ಮೇಜಿನ ಮೇಲೆ ಬಿಳಿ ಡ್ರಾಯಿಂಗ್ ಹಾಳೆ,
ಗೋಡೆಯವರೆಗೆ ಬಾಗಿಸಿ ಬಟ್ಟೆ ಕ್ಲಿಪ್ಪು ಕಚ್ಚಿಸಿದ್ದು.
ಫ್ರಿಜ್ಜಿನ ಡಬ್ಬದಲ್ಲಿ ಬಂದ ಥರ್ಮಾಕೋಲ್ ಹಿಡಿದು
ಬಲಗಡೆ ನಾನು.
ಮೂವತ್ತೊಂದು ವರ್ಷ ಭಾಗಮಂಡಲದ ಬಸ್ಸಿನಲ್ಲಿ
ಕಂಬಿಗೆ ಸೊಂಟ ಕೊಟ್ಟು ಟಿಕೆಟ್ ಹರಿದವನಿಗೆ
ಇದೇನು ಮಹಾ.
ಆದರೂ "ಅಲ್ಲಾಡ್ತೀರಿ" ಅನ್ನುತ್ತಾಳೆ.
ಬೆಟ್ಟಗೇರಿಯ ತಿರುವು ಇನ್ನೂ ಮೈಯಲ್ಲೇ ಇದೆ, ಮಾರಾಯ್ತಿ.

ಮೊದಲು ಕಾಫಿಬೀಜ ಕಳಿಸಿದಳು, ಕೊಡಗಲ್ಲವೇ.
ಬೇಡ, ಇಂಥವು ನಮ್ಮಲ್ಲಿ ಬೇಕಾದಷ್ಟಿವೆ.
ಕರಿಮೆಣಸು: ಧೂಳು ಕೂತಿದೆ.
ಕಿತ್ತಳೆ: ಎಡಬದಿ ಬೆಳಕಿಗೆ ಸುಟ್ಟಿದೆ.
ಕಾಚಂಪುಳಿ ಸೀಸೆ ಬಲು ಚೆಂದ ಬಂದಿತ್ತು,
ಕಪ್ಪಗೆ, ಮಂದವಾಗಿ,
ಬಾಯಂಚಿನಲ್ಲಿ ಒಂದು ಹನಿ ಜಾರಲೋ ಬೇಡವೋ ಎಂದು.
ವಸ್ತು ಏನೆಂದು ತಿಳಿಯುತ್ತಿಲ್ಲ, ಎಂದು ಬರೆದರು.
ಹಂದಿಸಾರು ಮಾಡಿ ಬಡಿಸಿದ್ದರೆ ತಿಳಿಯುತ್ತಿತ್ತು.

ಕೊನೆಗೆ ಖರ್ಚಾದದ್ದು
ಅವಳ ರವಿಕೆಯಿಂದ ತೆಗೆದ ಒಂದು ಬಗ್ಗಿದ ಪಿನ್ನು.
ಯಾವ ಊರಿನವರು ಕೊಂಡರೋ,
ಯಾವ ಮಾತಿಗೆ ಅದನ್ನು ಚುಚ್ಚಿಕೊಂಡರೋ.
"ಇಪ್ಪತ್ತೈದು ಸೆಂಟು ಬಂತು" ಅಂದಳು.
ನಾನು ಜಾಗದ ಸೆಂಟು ಅಂದುಕೊಂಡು
ಒಂದು ಗಳಿಗೆ ಬೇಲಿಯನ್ನೂ ಹಾಕಿಬಿಟ್ಟಿದ್ದೆ.

ಆ ಚಿಲ್ಲರೆಯೂ ಕೈಗಿಲ್ಲ.
ಇಂತಿಷ್ಟು ಡಾಲರು ಸೇರುವವರೆಗೆ ಅಲ್ಲೇ ಇರುತ್ತದಂತೆ.
ನನಗೆ ನಗು ಬಂತು, ಆಮೇಲೆ ಬರಲಿಲ್ಲ.
ಟಿಕೆಟಿನ ಬೆನ್ನಿಗೆ ಬರೆದು, ಸುತ್ತ ಒಂದು ಗುಂಡು ಎಳೆದು
"ಇಳಿಯುವಾಗ ಇಸ್ಕೊಳ್ಳಿ" ಅಂದದ್ದು
ಎಷ್ಟು ಸಾವಿರ ಜನಕ್ಕೆ!
ಚೇರಂಬಾಣೆಯಲ್ಲಿ ಒಬ್ಬಾಕೆ,
ಕಂಕುಳಲ್ಲಿ ಕೋಳಿ, ಕೈಯಲ್ಲಿ ಸೀಮೆಎಣ್ಣೆ ಡಬ್ಬ,
ಇಳಿದ ಮೇಲೆ ನೆನಪಾಗಿ ಚೀಟಿ ಎತ್ತಿ ತೋರಿಸಿದಳು.
ನಾನು ಪೀಪಿ ಊದಿ ಆಗಿತ್ತು.
ಮೂರು ರೂಪಾಯಿ.
ಚೀಲ ಒಪ್ಪಿಸಿ ಬಂದೆ, ಅದನ್ನು ಒಪ್ಪಿಸಲಾಗಲಿಲ್ಲ.

ಆ ಪೀಪಿಯ ಚಿತ್ರವನ್ನೂ ತೆಗೆದಳು.
ಹುಣಸೆಹಣ್ಣು ತಿಕ್ಕಿ, ಹತ್ತಿಯಲ್ಲಿ ಒರೆಸಿ,
ಒಳಗಿನ ಗೋಲಿ ಕಾಣುವಂತೆ ಮಲಗಿಸಿ.
ಚಿತ್ರದ ಕೆಳಗೆ ಹುಡುಕುವವರಿಗೆಂದು ಮಾತು ಸೇರಿಸಬೇಕು:
ಪೀಪಿ, ಲೋಹ, ಪ್ರಯಾಣ, ಬಿಳಿ ಹಿನ್ನೆಲೆ.
ಪಿನ್ನಾಗಲಿ, ಗುಂಡಿಯಾಗಲಿ, ಬೆಳ್ಳುಳ್ಳಿ ಎಸಳಾಗಲಿ,
ಪಟ್ಟಿಯ ಕೊನೆಗೆ ತಪ್ಪದೆ ಒಂದು:
ಯಾರೂ ಇಲ್ಲ.
ಜನ ಹಾಗೆಯೇ ಹುಡುಕುತ್ತಾರಂತೆ.

ಚಮಚದಲ್ಲಿ ಸಿಕ್ಕಿಬಿದ್ದೆವು.
ಸ್ಟೀಲಿನ ಗುಳಿಯೊಳಗೆ, ತಲೆಕೆಳಗಾಗಿ,
ಸಾಸಿವೆಗಿಂತ ತುಸು ದೊಡ್ಡದಾಗಿ
ಥರ್ಮಾಕೋಲ್ ಹಿಡಿದ ಒಬ್ಬ ಗಂಡಸು.
ಚಿತ್ರ ವಾಪಸು ಬಂತು:
ವ್ಯಕ್ತಿಯ ಗುರುತು ಹತ್ತುತ್ತಿದೆ, ಒಪ್ಪಿಗೆಪತ್ರ ಲಗತ್ತಿಸಿ.

ಅಳಿಸಿಬಿಡುತ್ತೇನೆ, ಎರಡು ನಿಮಿಷದ ಕೆಲಸ, ಅಂದಳು.
ತಡಿ ಅಂದೆ.
ಭಾಗಮಂಡಲದವರೆಗೆ ದಿನಕ್ಕೆ ನಾಲ್ಕು ಸಲ
ಎಲ್ಲರೂ ನನ್ನ ಕೈಯನ್ನೇ ನೋಡಿದವರು,
ಬೆರಳ ಸಂದಿಯ ನೋಟು, ಅಂಗೈಯ ನಾಣ್ಯ.
ಯೂನಿಫಾರ್ಮ್ ಕಳಚಿ ಸಂತೆಗೆ ಹೋದರೆ
ದಿನಾ ಬರುವವರೂ ದಾಟಿ ಹೋಗುತ್ತಿದ್ದರು.
ಎಲ್ಲೋ ಕೂತ ಯಾರೋ ಒಬ್ಬರು
ಚಮಚದಲ್ಲಿ ಗುರುತು ಹಿಡಿದಿದ್ದಾರೆ.

ಪತ್ರ ಅಚ್ಚು ಹಾಕಿಸಿ ತಂದೆವು.
ರೂಪದರ್ಶಿಯ ಹೆಸರು ಎಂಬಲ್ಲಿ ನನ್ನ ಹೆಸರು.
ಸಾಕ್ಷಿಗೆ ಕೆಳಗಿನ ಮನೆಯ ಟೈಲರ್ ಮೊಯ್ದು
ಕತ್ತರಿ ಪಕ್ಕಕ್ಕಿಟ್ಟು ರುಜು ಹಾಕಿದ,
ಏನು ಎತ್ತ ಎಂದು ಕೇಳಲಿಲ್ಲ.
ಸಂಭಾವನೆ ಎಂಬ ಕಡೆ ಅವಳು
ಒಂದು ರೂಪಾಯಿ ಎಂದು ತುಂಬಿದಳು,
ಪರ್ಸು ತಡಕಿದಳು,
ಬೇಳೆ ಡಬ್ಬದ ಕೆಳಗೆ ನೋಡಿದಳು.
ಮೂಲೆಯಲ್ಲಿ ಬಾಕಿ ಎಂದು ಬರೆದು
ಸುತ್ತ ಒಂದು ಗುಂಡು ಎಳೆದು
"ಇಳಿಯುವಾಗ ಇಸ್ಕೊಳ್ಳಿ" ಅಂದಳು.

ಮಂಜು ತೆಳುವಾಗುತ್ತಿತ್ತು.
ಬೆಳ್ಳುಳ್ಳಿ ಇನ್ನೂ ಆಗಿರಲಿಲ್ಲ.