ಬಿಲ್ಲೆ

ಬರ್ಮಿಂಗ್‌ಹ್ಯಾಮ್, ವಸ್ತುಸಂಗ್ರಹಾಲಯದ ನೆಲಮಾಳಿಗೆ, ಮಂಗಳವಾರ.
ಪೆಟ್ಟಿಗೆ ಹದಿನಾಲ್ಕು: ದಿವಂಗತ ಸಿರಿಲ್ ಹ್ಯಾಡ್ಲಿಯದು.
ಸ್ಮೆಥಿಕ್‌ನಲ್ಲಿ ಮೂವತ್ತು ವರ್ಷ ಬೀಗ ಮಾಡಿದವನು,
ಒಂದೊಂದನ್ನೂ ಸಂಬಳದ ಹಳೇ ಲಕೋಟೆಯಲ್ಲಿಟ್ಟು
ಪೆನ್ಸಿಲಿನಲ್ಲಿ ತೂಕ ಬರೆದಿದ್ದಾನೆ. ಬೆಲೆ ಬರೆದಿಲ್ಲ.

ನನ್ನ ಕೆಲಸ ಸುಲಭ. ಪರದೆಯ ಮೇಲೊಂದು ಖಾನೆ:
ನಾಣ್ಯವೋ, ಟೋಕನ್ನೋ, ಇತರೆಯೋ?
ಒಂದನ್ನು ಒತ್ತದೆ
ಮುಂದಿನ ಪುಟ ತೆರೆಯುವುದಿಲ್ಲ.

ಮೂರು ಶಿಲಿಂಗಿನದು, ಸಾವಿರದೆಂಟುನೂರ ಹನ್ನೆರಡರದು,
ಎಲೆಗಳ ಹಾರದೊಳಗೆ ತನ್ನ ಬಾಯಿಂದ ತಾನೇ ಹೇಳಿಕೊಂಡಿದೆ:
ಬ್ಯಾಂಕ್ ಟೋಕನ್.
ಇಷ್ಟು ಪ್ರಾಮಾಣಿಕ ಬೆಳ್ಳಿಯನ್ನು ನಾನು ಕಂಡಿರಲಿಲ್ಲ.
ನಾನು ಹಣವಲ್ಲ, ಹಣ ಬರುವ ತನಕ
ಅದರ ಕುರ್ಚಿ ಕಾಯುವವನು, ಅಷ್ಟೆ
ಎನ್ನುತ್ತಲೇ ಮಗ್ಗುಲು ಬದಲಿಸಿದರೆ ರಾಜನ ಮುಖ.

ಐದು ಶಿಲಿಂಗಿನ ಡಾಲರಿನ ಕತೆ ಬೇರೆ.
ಪೊಟೋಸಿ ಬೆಟ್ಟದ ಬೆಳ್ಳಿ, ಸ್ಪೇನಿನ ದೊರೆಯ ನಾಣ್ಯ,
ಇದೇ ಊರಿನ ಸೋಹೋ ಕಮ್ಮಟದಲ್ಲಿ
ಉಗಿಯಂತ್ರದಡಿ ಇನ್ನೊಮ್ಮೆ ಹುಟ್ಟಿದ್ದು.
ದೀಪ ಓರೆಯಾಗಿ ಹಿಡಿದರೆ
ಜಾರ್ಜನ ಕೊರಳಿನಲ್ಲಿ ಹಳೇ ದೊರೆಯ ಮೂಗು,
ಬ್ರಿಟಾನಿಯಳ ಮಡಿಲಲ್ಲಿ ಒಂದು ಪರದೇಶಿ ಅಕ್ಷರ,
ಸುಣ್ಣ ಬಳಿದ ಗೋಡೆಯಡಿಯಿಂದ
ಹೋದ ಚುನಾವಣೆಯ ಚಿಹ್ನೆ ಇಣುಕುವ ಹಾಗೆ.

ಹೊರಡಿಸಿದವರು ಯಾರು, ಎನ್ನುತ್ತದೆ ಇನ್ನೊಂದು ಖಾನೆ.
ಅಗೆದವರಿಗೆ ಖಾನೆಯಿಲ್ಲ.

ಗ್ವಿಲಿಮ್ ಚಹಾ ಹೀರುತ್ತ: ಟೋಕನ್ ಅಂದರೆ ಟೋಕನ್,
ಅಂಗಡಿಕಾರರ ತಾಮ್ರದ ಬಿಲ್ಲೆಗಳ ಜೊತೆ ಹಾಕು.
ಮೇಲಿನ ಮಹಡಿಯಿಂದ ಡೋರೀನ್:
ರಾಜನ ತಲೆಯಿದೆ, ಸಂತೆಯಲ್ಲಿ ನಡೆದಿದೆ, ಮತ್ತೇನು ಬೇಕು?
ಎರಡು ಇಮೇಲಿನ ನಡುವೆ ನಾನು,
ಕೈಗವಸಿನ ಮೇಲೆ ಇಪ್ಪತ್ತೇಳು ಗ್ರಾಂ ಜಗಳ.

ಟೋಕನ್ ಎಂದರೆ ನನಗೆ ಮಾತ್ರ ಹಿತ್ತಾಳೆ.
ರಾಣೆಬೆನ್ನೂರಿನ ಬ್ಯಾಂಕು, ಜಾಲರಿಯ ಹಿಂದೆ ಕ್ಯಾಷಿಯರು,
ಸೋದರತ್ತೆ ಚೆಕ್ಕು ಕೊಟ್ಟು ಪಡೆದ ಬಿಲ್ಲೆ, ನಲವತ್ತೇಳು,
ನನ್ನ ಮುಷ್ಟಿಯಲ್ಲಿ ಬೆವೆತು ಹುಳಿವಾಸನೆ ಹಿಡಿದದ್ದು.
ಅದಕ್ಕೆ ಒಂದು ಪೆಪ್ಪರಮಿಂಟೂ ಬರುತ್ತಿರಲಿಲ್ಲ;
ಕಳೆದಿದ್ದರೆ ಅತ್ತೆಯ ಇಡೀ ತಿಂಗಳು ಕಳೆಯುತ್ತಿತ್ತು.
ಕೂಗಿದಾಗ ಓಡಿ ಕೊಟ್ಟೆ.
ಕೊಟ್ಟ ಮೇಲೂ ಸಂಜೆಯವರೆಗೆ ಅಂಗೈಯಲ್ಲಿ
ತಿರುಗುಮುರುಗಾಗಿ ನಲವತ್ತೇಳು.

ನಮ್ಮಲ್ಲಿ ನಾಣ್ಯಕ್ಕೆ ಹೊಡೆಯುವುದೂ ಅಚ್ಚು,
ಕೀಲಿಮಣೆಗೆ ಬಡಿಯುವುದೂ ಬೆರಳಚ್ಚು
ಎಂದು ಗ್ವಿಲಿಮ್‌ಗೆ ಹೇಳಹೋಗಿ ಸುಮ್ಮನಾದೆ.

ಕಡೆಯ ಲಕೋಟೆಯಲ್ಲಿ ಖೋಟಾ.
ಬೆಳ್ಳಿ ನೀರು ಕುಡಿಸಿದ ತಾಮ್ರ, ಅಂಚಿನಲ್ಲಿ ಕೆಂಪಾಗಿ ಸಿಕ್ಕಿಬಿದ್ದಿದೆ.
ಹ್ಯಾಡ್ಲಿಯ ಪೆನ್ಸಿಲು ಇಲ್ಲಿ ಮಾತ್ರ ತೂಕ ಬಿಟ್ಟು ಮಾತಾಡಿದೆ:
'ಹಗುರ. ಆದರೆ ಸವೆದಿದೆ ನೋಡಿ.
ಯಾರೋ ಇದರಿಂದ ರೊಟ್ಟಿ ಕೊಂಡಿದ್ದಾರೆ.'

ಐದೂಮುಕ್ಕಾಲು.
ಪಟ್ಟಿಯನ್ನು ತೀರ ಕೆಳಕ್ಕೆಳೆದರೆ
ಯಾರೂ ಮುಟ್ಟದ ನಾಲ್ಕನೆಯದೊಂದಿತ್ತು: ಬಾಕಿ.
ಒತ್ತಿದೆ.
ಪುಟ ತೆರೆಯಿತು.

ಪೆಟ್ಟಿಗೆ ಹದಿನೈದು ನಾಳೆ, ಎಂದ ಗ್ವಿಲಿಮ್, ದೀಪ ಆರಿಸುತ್ತ.
ಬಸ್ಸಿನಲ್ಲಿ ಕಾರ್ಡು ತೋರಿಸಿದೆ, ಚಿಲ್ಲರೆ ಯಾರೂ ಕೇಳಲಿಲ್ಲ.
ಕೂತು ಅಂಗೈ ಮೂಸಿದೆ:
ರಬ್ಬರಿನ ವಾಸನೆ, ಅಷ್ಟೆ.